ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಪೂಜೆ, ನೈವೇದ್ಯ ಮಾಡಬಹುದೇ?

ಪ್ರಶ್ನೆ: ಕಳೆದ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಸೊಸೆ ಕೈಗೂಸಿನ ಡೈಪರ್ ಬದಲಾಯಿಸಿ ಬಂದವಳು ಕೈ ತೊಳೆಯದೆ ಬರೀ ಸ್ಯಾನಿಟೈಸರ್ ಹಚ್ಚಿಕೊಂಡು ಪಂಚಾಮೃತ ಕಲಸಲು ಕೂತಳು. ಅದರಲ್ಲಿ ಮದ್ಯಸಾರ ಇರುತ್ತದೆ, ಮಡಿ ಕೆಡುತ್ತದೆ ಎಂದು ನಾನು ಹೇಳಿದೆ. "ಶೇಕಡಾ 99.9 ಕ್ರಿಮಿ ಸಾಯುತ್ತೆ ಅತ್ತೆ, ನಿಮ್ಮ ಮೂರು ಉದ್ಧರಣೆ ನೀರಿನಲ್ಲಿ ಏನು ಸಾಯುತ್ತೆ?" ಅಂದಳು. ಮಾರನೆಯ ದಿನ ಐದು ವರ್ಷದ ದೊಡ್ಡ ಮೊಮ್ಮಗಳಿಗೆ, ನಮ್ಮ ಯಜಮಾನರಿಗೆ, ಊಟಕ್ಕೆ ಬಂದಿದ್ದ ಇಬ್ಬರಿಗೆ ವಾಂತಿ-ಭೇದಿ. ಮೊಮ್ಮಗಳನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಹಾಕಿಸಬೇಕಾಯಿತು. ಈಗ ಎಲ್ಲರೂ ಹುಷಾರಾಗಿದ್ದಾರೆ. ಆದರೆ ಅಂದಿನಿಂದ ಸೊಸೆಯನ್ನು ನಾನು ದೇವರಮನೆಗೆ ಬಿಟ್ಟಿಲ್ಲ, ಅವಳು ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಪೂಜೆ, ನೈವೇದ್ಯ ಮಾಡಬಹುದೇ? ಆಗಿಹೋದದ್ದಕ್ಕೆ ಪ್ರಾಯಶ್ಚಿತ್ತ ಇದೆಯೇ?
(ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು)

ಉತ್ತರ: ತಾಯಿ, ಮಗು ಹುಷಾರಾಯಿತಲ್ಲ, ಅದು ದೊಡ್ಡದು. ನಿಮ್ಮ ಪತ್ರ ಓದಿ ನನಗನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಾತಿನಲ್ಲಿ ಅರ್ಧ ಸರಿ, ಸೊಸೆಯ ಮಾತಿನಲ್ಲೂ ಅರ್ಧ ಸರಿ. ಅಂದು ನಿಮ್ಮ ಮನೆಯ ನಲ್ಲಿಯಲ್ಲಿ ನೀರಿತ್ತು, ಪಕ್ಕದಲ್ಲಿ ಸೋಪಿತ್ತು. ಅತ್ತೆ ಉದ್ಧರಣೆ ಹಿಡಿದರು, ಸೊಸೆ ಬಾಟಲಿ ಹಿಡಿದರು. ನಲ್ಲಿಯ ಹತ್ತಿರ ಇಬ್ಬರೂ ಹೋಗಲಿಲ್ಲ.

ಶೌಚ ಎಂಬ ಮಾತು ಈಗ ನಮ್ಮ ಬಾಯಲ್ಲಿ ಶೌಚಾಲಯಕ್ಕೆ ಮಾತ್ರ ಉಳಿದಿದೆ. ಯೋಗಸೂತ್ರ ಹೇಳುವ ಐದು ನಿಯಮಗಳಲ್ಲಿ ಮೊದಲನೆಯದೇ ಶೌಚ. ಗೀತೆಯ 13ನೇ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಎಣಿಸುವಾಗಲೂ ಅದು ಬರುತ್ತದೆ. ಹೊರಗಿನ ಶೌಚ ಒಂದು, ಒಳಗಿನದು ಇನ್ನೊಂದು. ಹೊರಗಿನದಕ್ಕೆ ಹಿರಿಯರು ಹೇಳಿದ ಸಾಧನ ಮೃತ್ತಿಕೆ ಮತ್ತು ಜಲ, ಅಂದರೆ ಮಣ್ಣು ಮತ್ತು ನೀರು. ಬರೀ ನೀರಲ್ಲ, ಇದನ್ನು ಗಮನಿಸಿ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಮಲವಿಸರ್ಜನೆಯ ನಂತರ ಎಡಗೈಗೆ 10 ಸಲ, ಆಮೇಲೆ ಎರಡೂ ಕೈಗೆ 7 ಸಲ ಮಣ್ಣು ಹಚ್ಚಿ ತೊಳೆಯಬೇಕು ಎಂದಿದೆ. ಇದು ಗೃಹಸ್ಥನಿಗೆ. ಬ್ರಹ್ಮಚಾರಿಗೆ ಇದರ ಎರಡರಷ್ಟು, ವಾನಪ್ರಸ್ಥನಿಗೆ ಮೂರರಷ್ಟು, ಸಂನ್ಯಾಸಿಗೆ ನಾಲ್ಕರಷ್ಟು. ಗೃಹಸ್ಥನ ಲೆಕ್ಕವೇ 17 ಸಲ ಆಯಿತು. ಅಷ್ಟು ಉಜ್ಜಿ ತೊಳೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಯೋಚಿಸಿ. ಇವತ್ತು ವೈದ್ಯರು ನಮ್ಮನ್ನು ಕೇಳುತ್ತಿರುವುದು ಬರೀ 20 ಸೆಕೆಂಡು!

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಅಶುಚಿ ತಗುಲಿದ ವಸ್ತುವಿನಿಂದ ಅದರ ವಾಸನೆಯೂ ಅಂಟೂ ಹೋಗುವ ತನಕ ಮಣ್ಣು-ನೀರು ಹಾಕಿ ತೊಳೆಯುತ್ತಲೇ ಇರಬೇಕು ಅಂತ. ಅಂಟು ಹೋಗಬೇಕು, ಇದೇ ಅಳತೆ. ಈ ಅಳತೆಗೆ ಸ್ಯಾನಿಟೈಸರನ್ನು ಹಿಡಿದು ನೋಡಿ. ಅದು ಕೈಮೇಲಿದ್ದುದನ್ನು ತೆಗೆಯುವುದಿಲ್ಲ, ಹಾಗೆಯೇ ಒಣಗಿಸುತ್ತದೆ. ಉದ್ಧರಣೆಯ ನೀರನ್ನೂ ಹಿಡಿದು ನೋಡಿ. ಆಚಮನಕ್ಕೆ ಅಂಗೈಯಲ್ಲಿ ಉದ್ದಿನ ಕಾಳು ಮುಳುಗುವಷ್ಟು ನೀರು ಸಾಕು ಎನ್ನುತ್ತಾರೆ. ಅಷ್ಟು ನೀರಿನಿಂದ ಯಾವ ಅಂಟು ಹೋದೀತು? ಕೈಕಾಲು ತೊಳೆದು ಶುಚಿಯಾದವನು ಆಚಮನಕ್ಕೆ ಕೂರಬೇಕು ಎಂಬುದು ಕ್ರಮ. ನಾವು ಮೊದಲಿನದನ್ನು ಬಿಟ್ಟು ಎರಡನೆಯದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಇದು ಬರೀ ನಿಮ್ಮ ಮನೆಯ ಕಥೆಯಲ್ಲ.

(ಇದನ್ನು ಓದಿ "ನಮ್ಮವರಿಗೆ ಎಲ್ಲಾ ಮೊದಲೇ ಗೊತ್ತಿತ್ತು" ಅಂತ ಯಾರೂ ಎದೆ ತಟ್ಟಿಕೊಳ್ಳುವುದು ಬೇಡ. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಅವರಿಗೆ ಗೊತ್ತಿರಲಿಲ್ಲ. ಹೊಲಸು ಅಂಟಿಕೊಂಡಿದ್ದರೆ ಉಜ್ಜಿ ತೊಳೆಯಬೇಕೆಂಬುದು ಗೊತ್ತಿತ್ತು. ಹಾಗೆಂದು ಅಪಾರ್ಟ್‌ಮೆಂಟಿನ ಹೂಕುಂಡದ ಮಣ್ಣು ತೆಗೆದು ಕೈಗೆ ಉಜ್ಜಬೇಡಿ, ಅದರಲ್ಲಿ ಹುಳುವಿನ ಮೊಟ್ಟೆಗಳೂ ಇರಬಹುದು. ಮೃತ್ತಿಕೆಯ ಕೆಲಸವನ್ನು ಈಗ ಸೋಪು ಮಾಡುತ್ತದೆ.)

ಸೋಪು ಹೇಗೆ ಮಾಡುತ್ತದೆ ಎಂದರೆ, ಅದರ ಕಣಕ್ಕೆ ಒಂದು ತುದಿಯಲ್ಲಿ ಜಿಡ್ಡಿನ ಸ್ನೇಹ, ಇನ್ನೊಂದು ತುದಿಯಲ್ಲಿ ನೀರಿನ ಸ್ನೇಹ. ಜಿಡ್ಡಿನ ತುದಿ ಕೈಮೇಲಿನ ತುಪ್ಪ, ಬೆವರು, ಕೊಳೆಯನ್ನು ಹಿಡಿದುಕೊಳ್ಳುತ್ತದೆ. ನೀರಿನ ತುದಿ ಅದನ್ನು ಎಳೆದುಕೊಂಡು ಬಚ್ಚಲಿಗೆ ಹೋಗುತ್ತದೆ. ಕೊಳೆಯ ಜೊತೆ ಕ್ರಿಮಿಯೂ ಹೋಗುತ್ತದೆ. ಕೆಲವು ವೈರಸ್ಸುಗಳಿಗೆ ಮೇಲೆ ಒಂದು ಕೊಬ್ಬಿನ ಹೊದಿಕೆ ಇರುತ್ತದೆ, ಕೊರೊನಾದ್ದೂ ಫ್ಲೂನದೂ ಅಂಥವು. ಆ ಹೊದಿಕೆಯನ್ನು ಸೋಪೂ ಒಡೆಯುತ್ತದೆ, ಸ್ಯಾನಿಟೈಸರೂ ಒಡೆಯುತ್ತದೆ. ಅದಕ್ಕೇ 2020ರಲ್ಲಿ ಎಲ್ಲರ ಕೈಗೂ ಬಾಟಲಿ ಬಂತು, ದೇವಸ್ಥಾನಗಳ ಬಾಗಿಲು ಮತ್ತೆ ತೆರೆದಾಗ ಹೊಸಿಲಿನ ಹತ್ತಿರವೂ ಬಂದು ಕೂತಿತು. ತಪ್ಪೇನಿರಲಿಲ್ಲ.

ಆದರೆ ಎಲ್ಲ ಕಾಯಿಲೆಯೂ ಕೊರೊನಾ ಅಲ್ಲ. ವಾಂತಿ-ಭೇದಿ ತರುವುದರಲ್ಲಿ ನೋರೋ ಎಂಬ ವೈರಸ್ ಒಂದಿದೆ. ಅದಕ್ಕೆ ಆ ಕೊಬ್ಬಿನ ಹೊದಿಕೆಯೇ ಇಲ್ಲ, ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗುವುದಿಲ್ಲ. ಭೇದಿ ತರುವ ಕೆಲವು ಪರೋಪಜೀವಿಗಳೂ ಹಾಗೆಯೇ. ಇವೆಲ್ಲ ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಬರುವಂಥವು. ಟೈಫಾಯ್ಡ್ ಮತ್ತು ಕಾಮಾಲೆಯ ಒಂದು ಬಗೆ ಬರುವ ದಾರಿಯೂ ಅದೇ. ಇಂಥಲ್ಲಿ ಉಜ್ಜಿ ತೊಳೆದು ಹರಿಯಬಿಡುವುದೇ ದಾರಿ. ಇನ್ನು ಬಾಟಲಿಯ ಮೇಲಿನ 99.9 ಎಂಬ ಅಂಕಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಕ್ರಿಮಿಗಳ ಲೆಕ್ಕ. ಜೇನುತುಪ್ಪ, ಅರಿಶಿನ, ತುಪ್ಪ ಮೆತ್ತಿದ ಹಬ್ಬದ ದಿನದ ಕೈಯ ಲೆಕ್ಕವಲ್ಲ. ಜಿಡ್ಡು, ಕೊಳೆ ಇರುವ ಕೈಮೇಲೆ ಸ್ಯಾನಿಟೈಸರ್ ಕೆಲಸ ಸರಿಯಾಗಿ ನಡೆಯುವುದಿಲ್ಲ. ಡೈಪರ್ ಬದಲಾಯಿಸಿದ ಮೇಲೆ ಸೋಪು-ನೀರು ಬಿಟ್ಟು ಬೇರೆ ಮಾತೇ ಇಲ್ಲ. ಇದನ್ನು ಸೊಸೆಗೆ ಓದಿ ಹೇಳಿ. ಅಲ್ಲ, ಪತ್ರಿಕೆಯನ್ನು ಅವರ ಕೈಗೇ ಕೊಡಿ, ನೀವು ಓದಿ ಹೇಳಿದರೆ ಇನ್ನೊಂದು ಜಗಳವಾದೀತು.

ಹಾಗಾದರೆ ಸ್ಯಾನಿಟೈಸರ್ ಬೇಡವೇ? ಬೇಕು. ಶಾಸ್ತ್ರದಲ್ಲಿ ಮುಖ್ಯಕಲ್ಪ, ಅನುಕಲ್ಪ ಅಂತ ಎರಡಿವೆ. ಸ್ನಾನ ಮಾಡಲಾಗದ ರೋಗಿಗೆ ಮಂತ್ರಸ್ನಾನ, ಮಾನಸಸ್ನಾನ ಹೇಳಿದ್ದಾರಲ್ಲ, ಅದು ಅನುಕಲ್ಪ. ನೀರು ಸಿಗದ ಜಾಗದಲ್ಲಿ ಸ್ಯಾನಿಟೈಸರ್ ಹಾಗೆಯೇ. ಯಾತ್ರೆಯ ಬಸ್ಸಿನಲ್ಲಿ, ರೈಲಿನಲ್ಲಿ, ತಿರುಪತಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ, ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದಾಗ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮದ್ಯಸಾರ ಶೇಕಡಾ 60ಕ್ಕಿಂತ ಕಡಿಮೆ ಇರಬಾರದು, ಬಾಟಲಿಯ ಮೇಲೆ ನೋಡಿ ಕೊಳ್ಳಿ. ಎರಡು ಹನಿ ಮುಟ್ಟಿಸಿಕೊಂಡರೆ ಸಾಲದು. ಕೈ ಪೂರ್ತಿ ಒದ್ದೆಯಾಗುವಷ್ಟು ಹಾಕಿಕೊಂಡು, ಬೆರಳ ಸಂದಿಗೂ ಹೋಗುವಂತೆ, ತಾನಾಗಿ ಒಣಗುವ ತನಕ ಉಜ್ಜಬೇಕು. ಇಷ್ಟೆಲ್ಲ ಸರಿ. ಆದರೆ ಮುಖ್ಯಕಲ್ಪಕ್ಕೆ ಶಕ್ತಿ, ಅನುಕೂಲ ಎರಡೂ ಇದ್ದು ಅನುಕಲ್ಪ ಹಿಡಿಯುವವನಿಗೆ ಫಲವಿಲ್ಲ ಅಂತಲೂ ಮನುಸ್ಮೃತಿಯೇ ಹೇಳುತ್ತದೆ. ಹತ್ತು ಹೆಜ್ಜೆಯಲ್ಲಿ ನಲ್ಲಿ ಇರುವಾಗ ಬಾಟಲಿ ಒತ್ತುವವರಿಗೂ, ಉದ್ಧರಣೆ ನೀರಲ್ಲಿ ಕೈ ಅದ್ದಿ "ಆಯ್ತು" ಎನ್ನುವವರಿಗೂ ಇದು ಸಮವಾಗಿ ಅನ್ವಯಿಸುತ್ತದೆ.

ಮದ್ಯಸಾರದ ಮಾತಿಗೆ ಬರೋಣ. ನಿಮ್ಮ ಆಕ್ಷೇಪ ಬರೀ ಹಟವಲ್ಲ. ಮದ್ಯವನ್ನು ಮೂಸುವುದನ್ನೂ ದೋಷವೆಂದು ಎಣಿಸಿದ ಸ್ಮೃತಿವಚನವಿದೆ. (ಅದೇ ಸಾಲಿನಲ್ಲಿ ಕುಟಿಲತನವನ್ನೂ ಎಣಿಸಿದ್ದಾರೆ. ಅದನ್ನು ಎತ್ತಿ ಹೇಳುವವರು ಕಡಿಮೆ.) ಆದರೂ ಕುಡಿಯುವ ಮದ್ಯ ಬೇರೆ, ಚರ್ಮಕ್ಕೆ ಹಚ್ಚುವ ಔಷಧ ಬೇರೆ. ಇಂಜೆಕ್ಷನ್ ಕೊಡುವ ಮುಂಚೆ ಒರೆಸುವ ಸ್ಪಿರಿಟ್ಟನ್ನು ನಾವು ಮದ್ಯವೆನ್ನುತ್ತೇವೆಯೇ? ಎಷ್ಟೋ ಸ್ಯಾನಿಟೈಸರುಗಳಲ್ಲಿ ಇರುವುದು ಐಸೊಪ್ರೊಪೈಲ್ ಎಂಬ ಬಗೆ, ಅದು ಯಾರೂ ಕುಡಿಯುವ ಪದಾರ್ಥವೇ ಅಲ್ಲ. ಹಚ್ಚಿಕೊಂಡದ್ದರಿಂದ ಮಡಿ ಹೋಯಿತು ಎಂದು ನಾನು ಹೇಳಲಾರೆ. ನಿಮ್ಮ ಮನೆತನದ ಗುರುಗಳು ಬೇರೆ ಹೇಳಿದರೆ ಅವರ ಮಾತಿನಂತೆ ನಡೆಯಿರಿ.

ದೇವರಮನೆಯಲ್ಲಿ ಅದು ಬೇಡ ಎನ್ನಲು ನನ್ನ ಹತ್ತಿರ ಬೇರೆಯೇ ಕಾರಣಗಳಿವೆ. ಮೊದಲನೆಯದು ಬೆಂಕಿ. ಸ್ಯಾನಿಟೈಸರ್ ಹಸಿಯಿರುವ ಕೈಯಿಂದ ಕಡ್ಡಿ ಗೀರಿದರೆ, ಕರ್ಪೂರ ಹಚ್ಚಿದರೆ ಕೈಗೇ ಹೊತ್ತಿಕೊಳ್ಳಬಹುದು. ಸ್ಪಿರಿಟ್ಟಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಮೈಮೇಲೆ ರೇಷ್ಮೆ ಸೀರೆಯ ಸೆರಗು, ಎದುರಿಗೆ ನಂದಾದೀಪ. ಬಾಟಲಿಯನ್ನು ದೀಪದ ಪಕ್ಕ, ಒಲೆಯ ಪಕ್ಕ ಇಡಲೇಬೇಡಿ. ಮಕ್ಕಳ ಕೈಗೂ ಸಿಗದಂತೆ ಇಡಿ.

ಎರಡನೆಯ ಕಾರಣ ನನ್ನ ಅನುಭವ. ಕೊರೊನಾ ಕಾಲದಲ್ಲಿ ಒಂದು ಮನೆಗೆ ಪೂಜೆಗೆ ಹೋಗಿದ್ದೆ. ಬಾಗಿಲಲ್ಲೇ ಕೈಗೆ ಸುರಿದರು, ಉಜ್ಜಿಕೊಂಡೆ, ಮಣೆಯ ಮೇಲೆ ಕೂತೆ, ಕೇಶವಾಯ ಸ್ವಾಹಾ ಎಂದು ಆಚಮನ ಮಾಡಿದೆ. ಕಹಿ ಅಂದರೆ ಕಹಿ, ಹಾಗಲಕಾಯಿ ಎಷ್ಟೋ ವಾಸಿ! ನನ್ನ ಮುಖ ನೋಡಿ ಮನೆಯ ಯಜಮಾನರು ನೀರಿಗೆ ಏನೋ ಬಿದ್ದಿದೆಯೆಂದು ಗಾಬರಿಯಾದರು. ಯಾರೂ ಕುಡಿಯಬಾರದೆಂದು ಎಷ್ಟೋ ಸ್ಯಾನಿಟೈಸರುಗಳಿಗೆ ಬೇಕೆಂದೇ ಕಹಿ ಸೇರಿಸಿರುತ್ತಾರೆ ಎಂಬುದು ಆಮೇಲೆ ತಿಳಿಯಿತು. ತೀರ್ಥ ತೆಗೆದುಕೊಳ್ಳುವ ಅಂಗೈಯಲ್ಲಿ ಅದು ಇರಬಾರದು. ಅಂದು ನಾನೂ ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದುಕೊಂಡು ಬರಬೇಕಿತ್ತು, ಸೋಮಾರಿತನ.

"ಮಡಿಯಲ್ಲಿ ಸೋಪು ಮುಟ್ಟಬಹುದೇ" ಎಂದು ಮುಂದಿನ ತಿಂಗಳು ನೀವೇ ಕೇಳುತ್ತೀರಿ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಪ್ರಾಣಿಯ ಕೊಬ್ಬಿನ ಭಯವಿದ್ದರೆ ಸಸ್ಯದ ಎಣ್ಣೆಯಿಂದ ಮಾಡಿದ ಸೋಪು ಸಿಗುತ್ತದೆ, ಅನೇಕ ಸೋಪುಗಳ ಹೊದಿಕೆಯ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅಂಥದ್ದೊಂದನ್ನು ಪೂಜೆಗೆಂದೇ ಬೇರೆ ಇಟ್ಟುಕೊಳ್ಳಿ. ಉಂಗುರ ತೆಗೆದಿಡಿ. ಕೈ ಒದ್ದೆ ಮಾಡಿ, ಸೋಪು ಹಚ್ಚಿ, ನಲ್ಲಿ ನಿಲ್ಲಿಸಿ, ಮೆಲ್ಲಗೆ ಮನಸ್ಸಿನಲ್ಲೇ ಕೇಶವಾದಿ 24 ನಾಮ ಹೇಳಿಕೊಳ್ಳಿ. ನಾಮಸ್ಮರಣೆಗೆ ಜಾಗದ ಕಟ್ಟಿಲ್ಲ. ನಿಧಾನವಾಗಿ ಹೇಳಿದರೆ 20 ಸೆಕೆಂಡು ದಾಟುತ್ತದೆ. ಅಷ್ಟರಲ್ಲಿ ಹೆಬ್ಬೆರಳು, ಕೈಯ ಹಿಂಭಾಗ, ಅರಿಶಿನ-ಕುಂಕುಮ ಸೇರಿಕೊಂಡ ಉಗುರಿನ ಸಂದಿ ಎಲ್ಲ ಮುಗಿದಿರಬೇಕು. ಟ್ಯಾಂಕರ್ ನೀರಿನ ಮನೆಗಳಲ್ಲಿ ನೀರಿನ ಚಿಂತೆ ಇರುತ್ತದೆ, ಉಜ್ಜುವಾಗ ನಲ್ಲಿ ನಿಲ್ಲಿಸಿದರೆ ಒಂದು ಚೊಂಬು ನೀರು ಸಾಕು. ಬೇಕಾಗಿರುವುದು ಹರಿಯುವ ನೀರು, ಬಕೆಟ್ಟಿಗೆ ಕೈ ಅದ್ದುವುದಲ್ಲ. ಆಮೇಲೆ ಒಗೆದ ವಸ್ತ್ರದಲ್ಲಿ ಒರೆಸಿ. ಬೆಳಗಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡ ಒದ್ದೆ ಟವಲಿನಲ್ಲಿ ಒರೆಸಿಕೊಂಡರೆ ತೊಳೆದದ್ದೇ ವ್ಯರ್ಥ.

ದಕ್ಷಿಣೆಯ ನೋಟು ಮುಟ್ಟಿದ ಮೇಲೆ ಪ್ರಸಾದ ಹಂಚುವ ಮುಂಚೆಯೂ ಕೈ ತೊಳೆಯಬೇಕು. ಇದನ್ನು ನಮ್ಮ ಪುರೋಹಿತ ಬಳಗಕ್ಕೇ ಹೇಳುತ್ತಿದ್ದೇನೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅಂದು ಯಾರ ಕೈಯಿಂದ ಆಯಿತು? ನಾನು ಹೇಳಲಾರೆ. ಹಾಲು-ಮೊಸರಿನ ಪಂಚಾಮೃತ ಬೆಳಿಗ್ಗೆಯಿಂದ ಎಷ್ಟು ಹೊತ್ತು ಹೊರಗಿತ್ತು, ಹಣ್ಣು ಹೆಚ್ಚಿದವರು ಯಾರು, ಕೋಸಂಬರಿ ಕಲಸಿದವರು ಯಾರು, ಊಟಕ್ಕೆ ಬಂದವರಲ್ಲಿ ಯಾರಿಗಾದರೂ ಮೊದಲೇ ಹೊಟ್ಟೆ ಕೆಟ್ಟಿತ್ತೇ, ಇದೊಂದೂ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ ತಪ್ಪನ್ನು ಒಬ್ಬಳ ತಲೆಗೆ ಕಟ್ಟಿ ದೇವರಮನೆಯ ಬಾಗಿಲು ಹಾಕಿದ್ದೀರಿ. ಪೂಜೆಯಲ್ಲಿ ಲೋಪವಾಗಿದ್ದರೆ ಕಡೆಯಲ್ಲಿ ಮಾಡುವ ಕ್ಷಮಾಪ್ರಾರ್ಥನೆಯಲ್ಲೇ ಅದು ಸೇರಿಹೋಯಿತು. ಬೇರೆ ಹೋಮ, ದಾನ ಯಾವುದೂ ಬೇಡ.

ಮುಂದಿನ ಹುಣ್ಣಿಮೆಗೆ ಮತ್ತೆ ಪೂಜೆ ಇಟ್ಟುಕೊಳ್ಳಿ. ಪಂಚಾಮೃತ ಸೊಸೆಯ ಕೈಯಲ್ಲೇ ಆಗಲಿ, ನೈವೇದ್ಯಕ್ಕೆ ಅರ್ಧ ಗಂಟೆ ಮುಂಚೆ ಕಲಸಿದರೆ ಸಾಕು. ಅವರು ಕೈಗೆ ಸೋಪು ಹಚ್ಚಿ ಉಜ್ಜುವಾಗ ಚೊಂಬಿನಿಂದ ನೀರು ಹಾಕುವುದಕ್ಕೆ ಒಬ್ಬರು ಬೇಕಾಗುತ್ತದೆ. ಆ ಚೊಂಬನ್ನು ನೀವು ಹಿಡಿದುಕೊಳ್ಳಿ. ಆಮೇಲೆ ನಿಮ್ಮ ಸರದಿ, ಅವರು ಹಾಕಲಿ.