ಮಾಂಸ ಬಿಟ್ಟವರ ನಿವೇದನೆ

ಪ್ರಭುವೇ, ನಮ್ಮ ಯಲಹಂಕದಲ್ಲಿ ಕೆಲವು ವರ್ಷ ನಿನಗಿಂತ ಮೊದಲು ಪಾಲಿಕೆಯೇ ನಮ್ಮಿಂದ ಮಾಂಸ ಬಿಡಿಸುತ್ತದೆ. ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ವರ್ಷಗಳವು. 2023ರಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಮಾಂಸದಂಗಡಿ ತೆರೆಯುವಂತಿಲ್ಲ, ಹೋಟೆಲಿನಲ್ಲಿ ಬಾಡು ಬಡಿಸುವಂತಿಲ್ಲ ಎಂದು ಬಿಬಿಎಂಪಿ ಆದೇಶ ಮಾಡಿತು. ಬಿಸಾಡಿದ ತುಣುಕಿಗೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ಕಾರಣ ಇಷ್ಟೇ, ಸರಿಯಾದ ಕಾರಣವೇ. ಗೊಣಗಿದೆವು, ಆದರೂ ಪಾಲಿಸಿದೆವು. ಆ ವರ್ಷ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ನಿನ್ನ ವಿಭೂತಿ ಬುಧವಾರ ಬಿದ್ದದ್ದು ಫೆಬ್ರುವರಿ 22ಕ್ಕೆ. ಪಾಲಿಕೆಯ ಪಥ್ಯ ಸೋಮವಾರ ಮುಗಿಯಿತು, ನಿನ್ನದು ಬುಧವಾರ ಶುರುವಾಯಿತು. ನಡುವೆ ಸಿಕ್ಕಿದ್ದು ಒಂದೇ ಮಂಗಳವಾರ. ಅದನ್ನು ನಾವು ಹೇಗೆ ಕಳೆದೆವೆಂದು ನಿನಗೆ ಹೇಳಬೇಕಾಗಿಲ್ಲ.

ಹದ್ದಿನ ದೆಸೆಯಿಂದ ಮೂರು ವಾರ ಬಾಯಿ ಕಟ್ಟಿದ ನಾವು, ನಿನ್ನ ಹೆಸರಿನಲ್ಲಿ ಕಟ್ಟಬೇಕಾದಾಗ ಮಾತ್ರ ನಿಯಮ ಕೆದಕಲು ಕೂರುತ್ತೇವೆ. ನಿಯಮವೋ ಬಲು ಸಣ್ಣದು. 18 ತುಂಬಿದವರಿಗೆ, 59ರವರೆಗೆ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ ಉಪವಾಸ. ಆ ದಿನವೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು, ಮಿಕ್ಕ ಎರಡು ಹೊತ್ತು ಅಷ್ಟಿಷ್ಟು. 14 ದಾಟಿದವರು ಆ ಬುಧವಾರವೂ ತಪಸ್ಸುಕಾಲದ ಶುಕ್ರವಾರಗಳಂದೂ ಮಾಂಸ ಮುಟ್ಟಬಾರದು. ಮೀನು ಮುಟ್ಟಬಹುದು. ಹೀಗಾಗಿ ಕೋಳಿ ಬಿಟ್ಟು, ಅಂಜಲ್ ಫ್ರೈ ಮುಂದಿಟ್ಟುಕೊಂಡು, ಮುಖದ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುವ ತಪಸ್ವಿಗಳು ಆರ್.ಟಿ. ನಗರದಿಂದ ಮತ್ತಿಕೆರೆಯವರೆಗೆ ಎಷ್ಟು ಬೇಕಾದರೂ ಸಿಗುತ್ತಾರೆ. ಕೆಲವು ಹಳೇ ಮನೆಗಳಲ್ಲಿ ಇದಕ್ಕಿಂತ ಬಿಗಿ. ನಲವತ್ತು ದಿನವೂ ಬಾಡಿಲ್ಲ, ಮದುವೆ ಮಾತಿಲ್ಲ, ಗಂಡಸರು ಬಾಟಲಿಯ ಕಡೆ ತಿರುಗಿ ನೋಡುವುದಿಲ್ಲ. ಅಂಥ ಮನೆಗಳ ಮುಂದೆ ನನಗೆ ಗೌರವವಿದೆ. ಆದರೆ ಅಲ್ಲಿಯೂ ಒಂದು ಕಳ್ಳದಾರಿ ಇದೆ, ಅದನ್ನೇ ನಿನ್ನ ಮುಂದೆ ಬಿಚ್ಚಬೇಕೆಂದು ಕೂತಿದ್ದೇನೆ.

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು. ಮರುದಿನ ಹೊಸತೊಡಕು. ಅದೇ ದಿನ ರಂಜಾನ್ ಹಬ್ಬವೂ ಕೂಡಿಬಂತು. ನಮಗೋ ತಪಸ್ಸುಕಾಲದ ಮಧ್ಯ. ಆರ್.ಟಿ. ನಗರದಂಥ ಬೀದಿಯಲ್ಲಿ ಇದರ ಅರ್ಥವೇನೆಂದು ನಿನಗೆ ಗೊತ್ತು: ಎಡಗಡೆ ಮನೆಯಿಂದ ಮಟನ್ ಸಾರಿನ ಡಬ್ಬಿ, ಬಲಗಡೆ ಮನೆಯಿಂದ ಬಿರಿಯಾನಿ, ಜೊತೆಗೆ ಶೀರ್‌ಖುರ್ಮಾ. "ತಗೊಳ್ಳಿ ಅಕ್ಕಾ, ನಿಮಗೇ ಅಂತ ತೆಗೆದಿಟ್ಟಿದ್ದು." ಅಂದು ಸೋಮವಾರ, ತಿಂದಿದ್ದರೆ ಧರ್ಮಸಭೆ ಬೈಯುತ್ತಿರಲಿಲ್ಲ. ವ್ರತವಿದೆ ಎಂದು ಸಂಕೋಚದಿಂದ ಹೇಳಿ ಬೇಡವೆಂದಿದ್ದರೂ ತಪ್ಪಿರಲಿಲ್ಲ. ಆದರೆ "ನಾವು ಇದನ್ನೆಲ್ಲ ಮುಟ್ಟಲ್ಲ ಕಣಮ್ಮ, ನಮಗೆ ತಪಸ್ಸುಕಾಲ" ಎನ್ನುವಾಗ ನಮ್ಮ ದನಿಯಲ್ಲಿ ಏರಿದ್ದು ಭಕ್ತಿಯಲ್ಲ. ತಿಂಗಳಿಡೀ ಹಗಲು ಹನಿ ನೀರು ಕುಡಿಯದೆ ಇದ್ದ ಹೆಣ್ಣುಮಗಳ ಮುಂದೆ ನಾವು ನಮ್ಮ ಶುಕ್ರವಾರದ ಅಂಜಲನ್ನು ತಪಸ್ಸೆಂದು ಮೆರೆದೆವು. ವಿಭೂತಿ ಬುಧವಾರದ ಶುಭಸಂದೇಶದಲ್ಲೇ ನೀನು ಎಚ್ಚರಿಸಿರುತ್ತೀ, ಉಪವಾಸವಿರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು ಮುಖ ತೊಳೆದುಕೊಂಡಿರು, ಯಾರಿಗೂ ತಿಳಿಯದಿರಲಿ ಎಂದು. ಅದನ್ನು ಕೇಳಿದ ಐದು ನಿಮಿಷಕ್ಕೆ ಹಣೆಗೆ ಬೂದಿ ಹಚ್ಚಿಸಿಕೊಂಡು, ಹೊರಗೆ ಬಂದು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತೇವೆ. ಪ್ರಭುವೇ, ವ್ರತದ ಹೊಟ್ಟೆಯಲ್ಲೇ ಹುಟ್ಟುವ ಈ ಗರ್ವದಿಂದ ನಮ್ಮನ್ನು ಕಾಪಾಡು. ಬಾಯಿಚಪಲ ಇದಕ್ಕಿಂತ ಎಷ್ಟೋ ಸಾಧು.

ಶೋಧನೆಗಳನ್ನು ಎಣಿಸಿ ಪಟ್ಟಿ ಮಾಡಿದವರು ಎಲ್ಲ ಕಡೆ ಇದ್ದಾರೆ. ನಮ್ಮ ನಾಡಿನಲ್ಲಿ ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಆರು ವೈರಿಗಳು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಎಂಟು ಕೆಟ್ಟ ಯೋಚನೆಗಳನ್ನು ಎಣಿಸಿದ. ಅವನ ಎಂಟರಲ್ಲಿ ಮತ್ಸರವಿಲ್ಲ. ಒಂಟಿ ಗುಡಿಸಲಿನಲ್ಲಿ ಇದ್ದವನಿಗೆ ನೆರೆಮನೆಯ ಕಾರು ಕಾಣಲಿಲ್ಲವೇನೋ. ಇನ್ನೂರು ವರ್ಷಗಳ ನಂತರ ರೋಮಿನಂಥ ಊರಿನಲ್ಲಿದ್ದ ಪೋಪ್ ಮಹಾ ಗ್ರೆಗರಿ ಅದನ್ನು ಸೇರಿಸಿದರು. ಎವಾಗ್ರಿಯಸ್ ಹೆಚ್ಚು ಹೆದರಿದ್ದು ನಡುಮಧ್ಯಾಹ್ನದ ಪಿಶಾಚಿಗೆ. ಹೊತ್ತು ಸರಿಯದು, ಪ್ರಾರ್ಥನೆ ಹತ್ತದು, ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಊಟಕ್ಕೆ ಎಷ್ಟು ಹೊತ್ತಿದೆಯೆಂದು ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಹೊರಗೆ ಬಂದು ನೋಡುತ್ತಾನೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿ ನಿಂತಾಗ ನಾವು ನೋಡುವುದು ಕೈಯಲ್ಲಿರುವ ಫೋನನ್ನು. ಅಲ್ಲಿ ಏನೇನು ನೋಡುತ್ತೇವೆಂಬುದನ್ನು ಇಲ್ಲಿ ಬರೆಯಲಾರೆ, ಪಾಪಸಂಕೀರ್ತನೆಯಲ್ಲಿ ಹೇಳುತ್ತೇವೆ. ಕಾಮವನ್ನು ನಾವು ಕನಿಷ್ಠ ನಾಚಿಕೊಂಡಾದರೂ ಒಪ್ಪುತ್ತೇವೆ.

ಮತ್ಸರದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲಿ ಬಲಿಪೂಜೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಆ ವರವೇ ಜಗಳವಾಯಿತು, ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ ಎಂದು. ಈ ನೆಲದಲ್ಲಿ ಕನ್ನಡದ ಪೂಜೆ ಕೇಳುವುದು ನ್ಯಾಯ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪಕ್ಕದ ಸಾಲಿನಲ್ಲಿ ತಮಿಳಿನಲ್ಲಿ ಜಪಸರ ಎಣಿಸುವ ಮುದುಕಿಯನ್ನು ಕಂಡು ಹಲ್ಲು ಕಡಿದದ್ದು ಯಾವ ನ್ಯಾಯವೂ ಅಲ್ಲ. ನ್ಯಾಯದ ಬೆನ್ನಿಗೇ ದ್ವೇಷವನ್ನು ಕಟ್ಟಿ ಕಳಿಸುವುದರಲ್ಲಿ ಸೈತಾನ ಪಳಗಿದವನು.

ನಿನ್ನನ್ನೂ ಅವನು ಬಿಡಲಿಲ್ಲ. ನಲವತ್ತು ದಿನ ಹಸಿದ ಮೇಲೆ ಬಂದ, ಕಲ್ಲನ್ನು ರೊಟ್ಟಿ ಮಾಡೆಂದ, ದೇವಾಲಯದ ಶಿಖರದಿಂದ ಧುಮುಕೆಂದ, ಲೋಕದ ರಾಜ್ಯಗಳನ್ನೆಲ್ಲ ತೋರಿಸಿ ಕೊಡುತ್ತೇನೆಂದ. ಮತ್ತಾಯನು ರಾಜ್ಯಗಳ ಶೋಧನೆಯನ್ನು ಕೊನೆಗೆ ಇಡುತ್ತಾನೆ, ಲೂಕನು ನಡುವೆ ಇಡುತ್ತಾನೆ. ಉತ್ತರ ಬೆಂಗಳೂರಿನವನಾದ ನನಗೆ ಮತ್ತಾಯನ ಕ್ರಮವೇ ಸರಿ ಕಾಣುತ್ತದೆ. ರೊಟ್ಟಿಯ ಆಸೆ ಗೆಲ್ಲಬಹುದು. ನೆಲದ ಆಸೆ ಕಡೆಯದು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ನೆಲಕ್ಕೆ ಬಂದ ಬೆಲೆ ನಿನಗೆ ಗೊತ್ತು. ಜಕ್ಕೂರು, ಬಾಗಲೂರು, ಯಲಹಂಕದ ಸುತ್ತ ಅಪ್ಪ ರಾಗಿ ಬೆಳೆದ, ದ್ರಾಕ್ಷಿ ಚಪ್ಪರ ಹಾಕಿದ ಜಾಗ ಲೇಔಟಾಯಿತು. ಅದರಲ್ಲಿ ಪಾಪವಿಲ್ಲ, ಊರು ಬೆಳೆಯುತ್ತದೆ. ಪಾಪ ಬಂದದ್ದು ಅಣ್ಣತಮ್ಮಂದಿರು ಕೂತು ಲೆಕ್ಕ ಹಾಕುವಾಗ. ನಮ್ಮ ಕ್ರೈಸ್ತ ಮನೆಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಸ್ಪಷ್ಟವಾಗಿದೆ. ಉಯಿಲು ಬರೆಯದೆ ಅಪ್ಪ ತೀರಿಕೊಂಡರೆ ಅಮ್ಮನಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡೆನ್ನದೆ ಹೆಣ್ಣೆನ್ನದೆ ಸಮಸಮ. ಹಾಗಾಗಿ ಅಕ್ಕತಂಗಿಯರನ್ನು ಕಾನೂನಿನಿಂದ ದೂಡಲಾಗುವುದಿಲ್ಲ, ಪ್ರೀತಿಯಿಂದ ದೂಡಬೇಕಾಗುತ್ತದೆ. ಒಂದು ಸೀರೆ, ಒಂದು ಊಟ, ಕಾರಿನಲ್ಲಿ ಕರೆದುಕೊಂಡು ಹೋಗಿ ಕರೆತರುವ ಉಪಚಾರ. "ತವರು ಮನೆ ಬಾಗಿಲು ನಿನಗೆ ಯಾವತ್ತೂ ತೆರೆದಿರುತ್ತೆ ಕಣವ್ವಾ, ಇಲ್ಲೊಂದು ಸೈನ್ ಹಾಕು." ಅವಳು ಹಕ್ಕು ಬಿಡುಗಡೆ ಪತ್ರವನ್ನು ಓದದೆ ಸೈನ್ ಹಾಕುತ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ, ನಗುನಗುತ್ತಾ ಫೋಟೊಗೆ ನಿಲ್ಲುತ್ತಾಳೆ. ಕೆಲವರು ಬೇಡವೆಂದು ಮನಸಾರೆ ಬಿಟ್ಟುಕೊಟ್ಟಿರಬಹುದು, ಅವರ ಮಾತಲ್ಲ ಇದು. ತಿಳಿಯದೆ ಬಿಟ್ಟವರು, ತವರು ತಪ್ಪೀತೆಂದು ಹೆದರಿ ಬಿಟ್ಟವರು, ಅವರ ಮಾತು.

ಪ್ರಭುವೇ, ಇದು ಕತ್ತಲಲ್ಲಿ ನಡೆದದ್ದಲ್ಲ. ಛಾಪಾ ಕಾಗದದ ಮೇಲೆ, ಸಾಕ್ಷಿಗಳ ಎದುರು, ಸರ್ಕಾರಿ ಮೊಹರಿನಡಿ ನಡೆದದ್ದು. ಅದಕ್ಕೇ ಇದು ನಮಗೆ ಶೋಧನೆಯೆಂದು ತೋರುವುದೇ ಇಲ್ಲ. ತಪಸ್ಸುಕಾಲ ಬಂದಾಗ ನಾವು ಬಿಡುವ ವಸ್ತುಗಳ ಪಟ್ಟಿಯಲ್ಲಿ ಮಟನ್ ಇರುತ್ತದೆ, ಕಾಫಿಯ ಸಕ್ಕರೆ ಇರುತ್ತದೆ, ಸೀರಿಯಲ್ಲು ಇರುತ್ತದೆ. ತಂಗಿಯ ಪಾಲು ಇರುವುದಿಲ್ಲ. ಸುಲಭದ್ದನ್ನು ಬಿಟ್ಟು, ಲಾಭದ್ದನ್ನು ಉಳಿಸಿಕೊಂಡು, ಅದಕ್ಕೆ ತಪಸ್ಸೆಂದು ಹೆಸರಿಟ್ಟಿದ್ದೇವೆ. ಸಕ್ಕರೆ ಬಿಡಲು ನಿನ್ನ ಸಹಾಯ ಬೇಕಿಲ್ಲ, ನಮ್ಮ ಹಟವೇ ಸಾಕು. ಪಾಲು ಬಿಡಲು ನಮ್ಮ ಹಟ ಸಾಲದು. ಹಟದ ಜಾಗದಲ್ಲಿ ನೀನು ಬರಬೇಕಾದದ್ದು ಇಲ್ಲಿ. ಇಲ್ಲಿಗೇ ನಾವು ನಿನ್ನನ್ನು ಕರೆಯುವುದಿಲ್ಲ.

ಪ್ರತಿ ಶುಕ್ರವಾರ ಸಂಜೆ ಶಿಲುಬೆಯ ಹಾದಿ ನಡೆಯುತ್ತೇವೆ. ಹದಿನಾಲ್ಕು ಸ್ಥಳ, ಪ್ರತಿಯೊಂದಕ್ಕೂ ಮಂಡಿಯೂರಿ ಏಳುವಷ್ಟರಲ್ಲಿ ವಯಸ್ಸಾದವರಿಗೆ ಸಾಕಾಗುತ್ತದೆ. ಮೂರನೆಯ ಸ್ಥಳದಲ್ಲಿ ನೀನು ಬೀಳುತ್ತೀ. ಐದನೆಯದರಲ್ಲಿ ಸಿರೇನಿನ ಸಿಮೋನ ಬಂದು ಶಿಲುಬೆಗೆ ಹೆಗಲು ಕೊಡುತ್ತಾನೆ. ಹೆಗಲು ಸಿಕ್ಕಿದ ಮೇಲೂ ಏಳನೆಯದರಲ್ಲಿ ಮತ್ತೆ ಬೀಳುತ್ತೀ, ಒಂಬತ್ತನೆಯದರಲ್ಲಿ ಇನ್ನೊಮ್ಮೆ. ಇದನ್ನು ಇಷ್ಟು ವರ್ಷ ನಡೆದರೂ ನಾವು ಗಮನಿಸಿದಂತಿಲ್ಲ. ಸಹಾಯ ಸಿಕ್ಕಿತೆಂದರೆ ಬೀಳುವುದು ನಿಂತಿತು ಎಂದುಕೊಂಡಿದ್ದೇವೆ, ಬಿದ್ದರೆ ಪ್ರಾರ್ಥನೆ ಫಲಿಸಲಿಲ್ಲವೆಂದು ಬಿಟ್ಟುಬಿಡುತ್ತೇವೆ. ಎರಡನೆಯ ವಾರ ಕುಡಿದವನು ಈ ವರ್ಷ ವ್ರತ ಕೆಟ್ಟಿತು, ಮುಂದಿನ ವರ್ಷ ನೋಡೋಣ ಎನ್ನುತ್ತಾನೆ. ಅವನಿಗೆ ಏಳನೆಯ ಸ್ಥಳವನ್ನು ತೋರಿಸು. ದೇವರಾದ ನೀನೇ ಹೊಲದಿಂದ ಬರುತ್ತಿದ್ದ ದಾರಿಹೋಕನ ಹೆಗಲಿನ ಸಹಾಯ ಪಡೆದೆ. ಕೈ ಚಾಚಲು ನಮಗೆ ಮಾತ್ರ ಯಾಕಿಷ್ಟು ಬಿಂಕ? ಗುಂಡು ಬಿಡಲು ಆಗದವನು ಹೆಂಡತಿಗೆ ಹೇಳಲಿ, ವೈದ್ಯರ ಹತ್ತಿರ ಹೋಗಲಿ. ಸಿಮೋನನನ್ನು ಕಳಿಸಿದ ನೀನು ಅವರನ್ನೂ ಕಳಿಸಿರುತ್ತೀ.

ನಲವತ್ತು ದಿನ ಮುಗಿದರೆ ಮುಗಿಯಿತೆಂದೂ ನಮ್ಮನ್ನು ನಂಬಿಸಬೇಡ. ಸೈತಾನನು ತಕ್ಕ ಸಮಯ ಬರುವವರೆಗೆ ನಿನ್ನನ್ನು ಬಿಟ್ಟುಹೋದನೆಂದು ಲೂಕನು ಬರೆದಿದ್ದಾನೆ, ಸೋತು ಹೋದನೆಂದಲ್ಲ. 2013ರಲ್ಲಿ ಪಾಸ್ಖ ಹಬ್ಬ ಮಾರ್ಚ್ 31ಕ್ಕೆ ಬಂದಿತ್ತು. ಮರುದಿನ ಬೆಳಗ್ಗೆ, ಯಶವಂತಪುರಕ್ಕೆ ಹತ್ತಿರದಲ್ಲೇ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಒಳಗೆ, ಅಲ್ಲಿನ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಕೊಲೆಯಾಗಿ ಸಿಕ್ಕಿದರು. ಹೊಣೆ ಯಾರದ್ದೆಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನನ್ನ ಪಾಲಿಗೆ ಉಳಿಯುವುದು ತಾರೀಖು. ಊರಿಗೆ ಊರೇ ಉಪವಾಸ ಮುಗಿಸಿ ಹಬ್ಬದೂಟ ಉಂಡ ರಾತ್ರಿ ಅದು. ಗುರುಗಳಾಗಲು ಹುಡುಗರು ಓದುವ ಮನೆ ಅದು. ಪಾಪವು ಬಾಗಿಲು ಕಾಯುವವನ ಅಪ್ಪಣೆ ಕೇಳುವುದಿಲ್ಲ. ಅವರ ಆತ್ಮಕ್ಕೆ ಶಾಂತಿ ಕೊಡು. ಪವಿತ್ರ ಸ್ಥಳದಲ್ಲಿದ್ದೇವೆ, ನಮಗೇನೂ ಆಗದು ಎಂದು ನಿಶ್ಚಿಂತೆಯಿಂದಿರುವ ನಮಗೆ ಎಚ್ಚರ ಕೊಡು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ದೊಡ್ಡ ಶೋಧನೆಗಳನ್ನು ಗೆಲ್ಲುವ ಶಕ್ತಿ ಕೊಡೆಂದು ಕೇಳುವುದಿಲ್ಲ, ಅದರಲ್ಲೂ ಮೆರೆಯುವ ಆಸೆಯಿದೆ. ಶೋಧನೆಯ ಹತ್ತಿರ ಹೋಗದ ಹಾಗೆ ನಮ್ಮ ಕಾಲು ಹಿಡಿದುಕೋ. ಗರ್ವ ಬಂದಾಗ ನಗಿಸುವ ಒಬ್ಬ ಗೆಳೆಯನನ್ನು ಪಕ್ಕದಲ್ಲಿಡು. ಡಬ್ಬಿ ಹಿಡಿದು ಬಂದ ನೆರೆಯವಳಿಗೆ ನಯವಾದ ಮಾತು ನಮ್ಮ ಬಾಯಲ್ಲಿಡು, ಡಬ್ಬಿ ಹಿಂತಿರುಗಿಸುವಾಗ ಅದರಲ್ಲಿ ಏನಾದರೂ ಸಿಹಿ ಹಾಕಿ ಕಳಿಸುವ ಬುದ್ಧಿ ಕೊಡು. ಲಾಭದ ಪಾಪಕ್ಕೆ ಅದರ ಹೆಸರನ್ನೇ ಹೇಳುವ ಧೈರ್ಯ ಕೊಡು.

ಗರಿಗಳ ಭಾನುವಾರದ ಹಿಂದೆಮುಂದೆ ಪಾಪಸಂಕೀರ್ತನೆಗೆ ಸಾಲು ಉದ್ದವಿರುತ್ತದೆ. ಗುರುಗಳಿಗೂ ದಣಿವು, ಮೂರು ಪರಲೋಕ ಮಂತ್ರ, ಮೂರು ನಮೋ ಮರಿಯ ಹೇಳಿಕೊಳ್ಳಿ ಎಂದು ಕಳಿಸುತ್ತಾರೆ. ಸಿಟ್ಟಿಗೆ, ಸುಳ್ಳಿಗೆ ಅಷ್ಟು ಸಾಕು. ಕದ್ದದ್ದಕ್ಕೆ ಸಾಲದು, ಕದ್ದದ್ದನ್ನು ಹಿಂದಕ್ಕೆ ಕೊಡಬೇಕೆಂಬುದು ನಿನ್ನ ಸಭೆಯ ಹಳೇ ಪಾಠ. ಸುಂಕದವನಾದ ಜಕ್ಕಾಯನು ಮರದಿಂದಿಳಿದು ನಿನ್ನ ಮುಂದೆ ನಿಂತು, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ನಾವು ಕಣ್ಣೀರು ಸುರಿಸಿ ಎದ್ದುಬಂದರೂ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಆದ್ದರಿಂದ, ಪ್ರಭುವೇ, ಪಾಪಸಂಕೀರ್ತನೆಯ ಸಾಲಿನಲ್ಲಿ ನಮ್ಮನ್ನು ನಿಲ್ಲಿಸು, ಆಮೇಲೆ ಅಲ್ಲಿಗೇ ಬಿಡಬೇಡ. ತಂಗಿಗೆ ಫೋನ್ ಮಾಡಿಸು, ಈ ಸಲ ಓದಿ ಸೈನ್ ಹಾಕು ಎಂದು ನಮ್ಮ ಬಾಯಿಂದಲೇ ಹೇಳಿಸು. ಯಲಹಂಕದ ಸಬ್ ರಿಜಿಸ್ಟ್ರಾರ್ ಆಫೀಸು ತಪಸ್ಸುಕಾಲದಲ್ಲೂ ತೆರೆದಿರುತ್ತದೆ. ಆಮೆನ್.