ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್: ಒಂದು ದುರಸ್ತಿ ಮೀಮಾಂಸೆ

"ಎಸ್‌ಎಂಪಿಎಸ್ ಹೋಗೈತಿ, ಹೊಸಾದು ಹಾಕ್ಸಿ ಬಿಡ್ರಿ." ಬಳ್ಳಾರಿಯಲ್ಲಿ ಹಳೆ ಕಂಪ್ಯೂಟರ್ ಹೊತ್ತುಕೊಂಡು ಯಾವ ಅಂಗಡಿಗೆ ಹೋದರೂ ತೀರ್ಪು ಇಷ್ಟೇ. ಹೋದದ್ದು ಏನು, ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ವಿಚಾರಣೆಯೇ ಇಲ್ಲದೆ ಡಬ್ಬಿ ಗುಜರಿ ಸೇರುತ್ತದೆ. ನನ್ನ ಪಕ್ಷ ಬೇರೆ. ಕಾರಣ ಸಿಗದೆ ಭಾಗ ಬದಲಿಸಿದರೆ ಅದು ದುರಸ್ತಿಯಲ್ಲ, ಮುಂದೂಡಿಕೆ. ಯಜ್ಞದ ವಿಧಿಗಳನ್ನು ಜಾಲಾಡಲು ಜೈಮಿನಿಯ ಪರಂಪರೆಯ ಮೀಮಾಂಸಕರು ಹಾಕಿಕೊಟ್ಟ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯ ಎಂಬ ಕ್ರಮ ಬೆಸುಗೆ ಕಡ್ಡಿ ಹಿಡಿದವನಿಗೂ ಸಲ್ಲುತ್ತದೆ.

ವಿಷಯ

ಮೇಜಿನ ಮೇಲಿರುವುದು 200 ವ್ಯಾಟಿನ ಎಟಿ ಮಾದರಿಯ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ. ತೊಂಬತ್ತರ ದಶಕದಲ್ಲಿ ಬಳ್ಳಾರಿಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ, ಚುನಾವಣೆ ಕರಪತ್ರಗಳನ್ನು ಕಂಡ 386 ಯಂತ್ರದ್ದು. ಎಟಿ ಎಂಬ ಹೆಸರು 1984ರ ಐಬಿಎಂ ಯಂತ್ರದಿಂದ ಬಂದದ್ದು.

ಒಳಗೆ ನಡೆಯುವುದಿಷ್ಟು. ಗೋಡೆಯ 230 ವೋಲ್ಟ್ ಡಯೋಡುಗಳನ್ನು ದಾಟಿ ಸುಮಾರು 325 ವೋಲ್ಟ್ ಡಿ.ಸಿ. ಆಗಿ, ಸರಣಿಯಲ್ಲಿರುವ ಎರಡು ದಪ್ಪ ಕೆಪಾಸಿಟರ್‌ಗಳಲ್ಲಿ ನಿಲ್ಲುತ್ತದೆ. ಎರಡು ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಆಚೆ ಕಡೆಯಿಂದ ಕೆಂಪು ತಂತಿಯಲ್ಲಿ 5 ವೋಲ್ಟ್, ಹಳದಿಯಲ್ಲಿ 12, ನೀಲಿಯಲ್ಲಿ ಮೈನಸ್ 12, ಬಿಳಿಯಲ್ಲಿ ಮೈನಸ್ 5 ಬರುತ್ತವೆ. ಕಿತ್ತಳೆ ತಂತಿ 'ಪವರ್ ಗುಡ್'. ಎಲ್ಲ ನೆಟ್ಟಗಿದೆ ಎಂದು ಅದು ಹೇಳುವವರೆಗೆ ಪ್ರೊಸೆಸರ್ ಕೆಲಸ ಶುರು ಮಾಡುವುದಿಲ್ಲ.

ಕಂಪ್ಯೂಟರಿನ ಉಳಿದ ಭಾಗಗಳಿಗೆ ತಾವು ಯಾವ ಊರಲ್ಲಿದ್ದೇವೆ ಎನ್ನುವುದು ಗೊತ್ತಾಗುವುದಿಲ್ಲ. ಊರಿನ ಕರೆಂಟು, ಧೂಳು, ಬಿಸಿಲು ಮೂರನ್ನೂ ಉಣ್ಣುವುದು ಈ ಡಬ್ಬಿ ಒಂದೇ. ಮುಚ್ಚಳ ತೆಗೆದಾಗ ಫ್ಯಾನಿನ ರೆಕ್ಕೆಗಳ ಮೇಲೆ ಕೆಮ್ಮಣ್ಣಿನ ಪದರ ಗಟ್ಟಿಯಾಗಿ ಕೂತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ಅದಿರು ಲಾರಿಗಳ ಹಿಂದೆ ಓಡಾಡಿದವರಿಗೆ ಆ ಬಣ್ಣದ ಪರಿಚಯ ಬೇಕಿಲ್ಲ. ಸಿರುಗುಪ್ಪದ ಡಬ್ಬಿ ಬಿಚ್ಚಿದರೆ ಅಕ್ಕಿ ಗಿರಣಿಯ ತೌಡು, ಹೊಟ್ಟಿನ ಪುಡಿ. ಕುರುಗೋಡಿನದಾದರೆ ಹತ್ತಿಯ ನವಿರು ಎಳೆ. ಧೂಳು ಯಾವುದೇ ಇರಲಿ, ಗಾಳಿಯ ದಾರಿ ಕಟ್ಟುತ್ತದೆ, ಬಿಸಿ ಒಳಗೇ ಉಳಿಯುತ್ತದೆ.

ಬಿಸಿಯ ಲೆಕ್ಕ ಕ್ರೂರವಾದದ್ದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗಿರುವುದು ದ್ರವ. ಬಿಸಿ 10 ಡಿಗ್ರಿ ಏರಿದಂತೆಲ್ಲ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದಿದ್ದರೆ 65ರಲ್ಲಿ 8000 ಗಂಟೆ. ಹೊರಗೆ 40 ದಾಟುವ ಬಳ್ಳಾರಿ ಬೇಸಿಗೆಯಲ್ಲಿ, ಫ್ಯಾನ್ ಕಟ್ಟಿದ ಡಬ್ಬಿಯೊಳಗೆ 65 ಏನೂ ಹೆಚ್ಚಲ್ಲ. ದಿನಕ್ಕೆ ಎಂಟು ಗಂಟೆ ದುಡಿದರೆ ಸಾವಿರ ದಿನ, ಮೂರು ವರ್ಷವೂ ಇಲ್ಲ.

ಸಂಶಯ

ಈ ಯಂತ್ರದ ಕಾಯಿಲೆ ವಿಚಿತ್ರ. ಏಪ್ರಿಲ್ ಮಧ್ಯಾಹ್ನ ಒತ್ತಿದೊಡನೆ ಏಳುತ್ತದೆ, ಡಿಸೆಂಬರ್ ಬೆಳಿಗ್ಗೆ ಕಲ್ಲಿನಂತೆ ಕೂರುತ್ತದೆ. ಫ್ಯೂಸು ಹೋಗಿಲ್ಲ. ದಪ್ಪ ಕೆಪಾಸಿಟರ್‌ಗಳ ಮೇಲೆ 325 ವೋಲ್ಟ್ ಸರಿಯಾಗಿದೆ. ಕೆಂಪು ತಂತಿಯಲ್ಲಿ ಸೊನ್ನೆ.

ಮೀಮಾಂಸಕರ ದಪ್ಪ ದೇವದತ್ತನ ಕತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಗಲು ಉಣ್ಣುವುದಿಲ್ಲ, ಆದರೂ ಮೈ ತುಂಬಿಕೊಂಡಿದ್ದಾನೆ. ಅಂದರೆ ರಾತ್ರಿ ಉಣ್ಣುತ್ತಿದ್ದಾನೆ. ಇದೇ ಅರ್ಥಾಪತ್ತಿ. ಕರೆಂಟು ಒಳಗೆ ಬಂದಿದೆ, ಏನೂ ಸುಟ್ಟಿಲ್ಲ, ಆದರೂ ಹೊರಗೆ ಏನೂ ಬರುತ್ತಿಲ್ಲ. ಹಾಗಿದ್ದರೆ ಕತ್ತರಿಸುವ ಕೆಲಸ ಶುರುವೇ ಆಗಿಲ್ಲ. ಬಿಸಿಯಾದಾಗ ಮಾತ್ರ ಶುರುವಾಗುತ್ತದೆಂದರೆ ಒಣಗಿದ ಎಲೆಕ್ಟ್ರೋಲಿಟಿಕ್ ಒಂದು ಆ ದಾರಿಯಲ್ಲಿದೆ, ಯಾಕೆಂದರೆ ಕಾವಿಗೆ ಅದರ ಒಳತಡೆ ಇಳಿಯುತ್ತದೆ. ಟ್ರಾನ್ಸಿಸ್ಟರ್‌ಗಳ ಬೇಸಿನ ಬಳಿ ಕಡಲೆಕಾಳಿನಷ್ಟು ದೊಡ್ಡ ಎರಡು ಕೆಪಾಸಿಟರ್‌ಗಳಿದ್ದವು, 1 ಮೈಕ್ರೋಫ್ಯಾರಡ್, 50 ವೋಲ್ಟ್. ನೋಡಲು ಹೊಸದರಂತಿದ್ದವು, ತಲೆ ಉಬ್ಬಿರಲಿಲ್ಲ. ಬಿಚ್ಚಿ ಅಳೆದಾಗ ಎರಡೂ ಸತ್ತಿದ್ದವು.

ಪೂರ್ವಪಕ್ಷ, ಉತ್ತರ

ಮೊದಲ ಆಕ್ಷೇಪ: ಇಷ್ಟೆಲ್ಲ ಯಾಕೆ? ಹೊಸ ಎಟಿಎಕ್ಸ್ ಸಪ್ಲೈಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಸಾಕಲ್ಲ. ಈ ವಾದದಲ್ಲಿ ಅರ್ಧ ಸತ್ಯವಿದೆ. ಹೊಸ ಸಪ್ಲೈಗಳು ಮೈನಸ್ 5 ವೋಲ್ಟನ್ನು ಕೈಬಿಟ್ಟಿವೆ; ಬಹುಪಾಲು ಹಳೆ ಕಾರ್ಡುಗಳಿಗೆ ಅದು ಬೇಡ, ಬೇಕಾದ ಕೆಲವಕ್ಕೆ ಅದಿಲ್ಲದೆ ನಡೆಯದು. ಹಳೆ ಕಡತಗಳಷ್ಟೇ ಬೇಕೆಂದರೆ ಸಪ್ಲೈ ಮುಟ್ಟಲೇಬೇಡಿ, ಐಡಿಇ ಹಾರ್ಡ್‌ಡಿಸ್ಕ್ ತೆಗೆದು ಬೇರೆ ಯಂತ್ರದಲ್ಲಿ ಓದಿಕೊಳ್ಳಿ. ಆದರೆ ಡಾಸ್ ಕಾಲದಲ್ಲಿ ಕನ್ನಡ ಮೂಡಿಸುತ್ತಿದ್ದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿನಂಥದ್ದು ಆ ಯಂತ್ರದಲ್ಲಿದ್ದರೆ, ಕಡತ ಸಿಕ್ಕ ಮಾತ್ರಕ್ಕೆ ಅದು ಪರದೆಯ ಮೇಲೆ ಹೇಗೆ ಕಾಣುತ್ತಿತ್ತೆಂಬುದು ಸಿಗುವುದಿಲ್ಲ. ಅದಕ್ಕೆ ಇಡೀ ಯಂತ್ರ ಏಳಬೇಕು.

ಎರಡನೆಯದು: ಒಂದೊಂದೇ ಹುಡುಕುವ ಬದಲು ಎಲ್ಲ ಕೆಪಾಸಿಟರ್‌ಗಳನ್ನೂ ಒಟ್ಟಿಗೇ ಬದಲಿಸಬಾರದೇಕೆ? ಅಂತರ್ಜಾಲದ ಪಂಡಿತರಿಗೆ ಇದು ಬಹಳ ಪ್ರಿಯ. ಒಂದೇ ಏಟಿಗೆ ಇಪ್ಪತ್ತು ಭಾಗ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ಗೊತ್ತಾಗದು; ಅದರ ಮೇಲೆ ಒಂದನ್ನು ತಿರುಗುಮುರುಗಾಗಿ ಕೂರಿಸಿದರೆ ಹೊಸ ರೋಗ. ಒಂದು ವಿನಾಯಿತಿ ಕೊಡುತ್ತೇನೆ. ಕರೆಂಟು ಒಳಬರುವ ಜಾಗದಲ್ಲಿ ಪಾರದರ್ಶಕ ಹಳದಿ ಮೈಯ, ಕಾಗದದ ಪದರದ ಕೆಪಾಸಿಟರ್ ಇದ್ದರೆ ಪರೀಕ್ಷೆ ಬೇಡ, ಕಿತ್ತು ಎಸೆಯಿರಿ. ಮೈ ಬಿರುಕು ಬಿಟ್ಟು ತೇವ ಎಳೆದುಕೊಂಡು ಒಂದು ದಿನ ಕೋಣೆ ತುಂಬ ಗಬ್ಬು ಹೊಗೆ ಎಬ್ಬಿಸುತ್ತದೆ. ಭಾರತದ ಶಾಲೆಗಳಿಗೆ 1984ರ ಕ್ಲಾಸ್ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಯಂತ್ರಗಳು ಈ ಹೊಗೆಗೇ ಕುಖ್ಯಾತ.

ಮೂರನೆಯದು: ಕೊಂಡ ಭಾಗ ಚೆನ್ನಾಗಿದ್ದರೂ ಊರಿನ ಕರೆಂಟು ಹಾಗೇ ಇದೆಯಲ್ಲ? ನಿಜ. ವೋಲ್ಟೇಜ್ ಇಳಿದಾಗ ಇಂಥ ಸಪ್ಲೈ ಅಷ್ಟೇ ಶಕ್ತಿ ಬೇಕೆಂದು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ನ್ಯೂಟ್ರಲ್ ಕಡಿದರೆ 230ರ ಜಾಗದಲ್ಲಿ 400ರ ಹತ್ತಿರ ನುಗ್ಗಬಹುದು. ಆದ್ದರಿಂದ ಸ್ಟೆಬಿಲೈಸರ್ ಇರಲಿ. ಅರ್ಥಿಂಗ್ ಸರಿಯಿದೆಯೋ ನೋಡಿಸಿ.

ಬಲವಾದ ಆಕ್ಷೇಪ ಕೊನೆಯದು: ಇದು ಜೀವ ತೆಗೆಯುವ ಕೆಲಸ. ಇದಕ್ಕೆ ನನ್ನಲ್ಲಿ ಖಂಡನೆಯಿಲ್ಲ. ಪ್ಲಗ್ ಕಿತ್ತ ಮೇಲೂ ಆ ಎರಡು ದಪ್ಪ ಕೆಪಾಸಿಟರ್‌ಗಳಲ್ಲಿ ಚಾರ್ಜು ಉಳಿದಿರುತ್ತದೆ. ಎಟಿ ಯಂತ್ರಗಳಲ್ಲಿ ಮುಂಭಾಗದ ಗುಂಡಿಗೇ ನೇರ 230 ವೋಲ್ಟ್ ಬರುತ್ತದೆ. ಸರಣಿಯಲ್ಲಿ 100 ವ್ಯಾಟಿನ ತಂತಿ ಬಲ್ಬು ಹಾಕಿದರೆ ಸಪ್ಲೈ ಉಳಿಯುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಸುಳಿವು ಕೊಡುತ್ತದೆ. ಆದರೆ ಅದು ಡಬ್ಬಿಯನ್ನು ಕಾಯುತ್ತದೆಯೇ ಹೊರತು ನಿಮ್ಮನ್ನಲ್ಲ. ಎಲ್‌ಇಡಿ ಬಲ್ಬು ಇದಕ್ಕೆ ನಡೆಯದು. ಕೆಪಾಸಿಟರ್ ಖಾಲಿ ಮಾಡಲು ಸ್ಕ್ರೂಡ್ರೈವರ್ ಕಿಡಿ ಹಾರಿಸುವುದು ಗಂಡಸುತನವಲ್ಲ, ಪೆದ್ದುತನ. ದೊಡ್ಡ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಮೀಟರ್ ಓದಲು ಬಾರದವರು ಈ ಕೆಲಸ ಮಾಡಬಾರದು, ಅಷ್ಟೇ.

ನಿರ್ಣಯ

ಎರಡು ಪುಟ್ಟ ಕೆಪಾಸಿಟರ್ ಬದಲಿಸಿದೆ, ಈ ಸಲ 105 ಡಿಗ್ರಿಯವು. ಫ್ಯಾನ್ ಬಿಚ್ಚಿ ಕೆಮ್ಮಣ್ಣು ಉಜ್ಜಿದೆ. ಮದರ್‌ಬೋರ್ಡ್ ಜೋಡಿಸದೆ, ಹೊರೆಗೆಂದು ಕೆಂಪು ತಂತಿಗೆ ಕಾರಿನ ಬ್ರೇಕ್ ಬಲ್ಬು ಕಟ್ಟಿದೆ. ಹೊರೆಯಿಲ್ಲದೆ ಇಂಥ ಸಪ್ಲೈ ನೆಟ್ಟಗೆ ನಿಲ್ಲುವುದಿಲ್ಲ. ಸರಣಿ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಕೆಂಪಿನಲ್ಲಿ 5.03, ಹಳದಿಯಲ್ಲಿ 12.1. ಮರುದಿನ ಬೆಳಿಗ್ಗೆ ಆರೂವರೆಗೆ ತಣ್ಣಗಿದ್ದಾಗಲೇ ಮತ್ತೆ ಒತ್ತಿದೆ, ಎದ್ದಿತು. ಆಮೇಲೆ ಪಿ8, ಪಿ9 ಪ್ಲಗ್‌ಗಳನ್ನು ಕಪ್ಪು ತಂತಿಗಳು ನಡುವೆ ಕೂಡುವಂತೆ ಬೋರ್ಡಿಗೆ ಸಿಕ್ಕಿಸಿದೆ.

ನಿಮ್ಮ ಅಟ್ಟದ ಮೇಲೂ ಇಂಥದೊಂದಿದ್ದರೆ, ಪ್ಲಗ್ ಹಾಕುವ ಮುಂಚೆ ಹಿಂಬದಿಯ ಕೆಂಪು ಜಾರುಗುಂಡಿ ನೋಡಿ. ಅದು 115ರಲ್ಲಿದ್ದರೆ ನಮ್ಮ ಕರೆಂಟಿಗೆ ಒಳಗಿನ ವೋಲ್ಟೇಜ್ ಇಮ್ಮಡಿಯಾಗಿ ಆ ಎರಡು ದಪ್ಪ ಕೆಪಾಸಿಟರ್‌ಗಳು ಸಿಡಿಯುತ್ತವೆ. 230ಕ್ಕೆ ತಳ್ಳಿ, ಮೇಲೆ ಟೇಪು ಅಂಟಿಸಿಬಿಡಿ.