ಮಗು ಎದ್ದಾಗ ಏಳುವವರು ಯಾರು?

ರಾತ್ರಿಯಿಡೀ ಮಲಗಲು ಕಲಿತಿದ್ದ ಮಗು ಎಂಟೊಂಬತ್ತು ತಿಂಗಳಾಗುವಾಗ ಮತ್ತೆ ನಡುರಾತ್ರಿ ಎದ್ದು ಅಳತೊಡಗುತ್ತದೆ. ಹಲ್ಲು ಬರುತ್ತಿದೆ, ದೃಷ್ಟಿಯಾಗಿದೆ, ಹಾಲು ಸಾಲುತ್ತಿಲ್ಲ ಎಂದು ಮನೆಯಲ್ಲಿ ತಲೆಗೊಂದು ಕಾರಣ. ಕೊನೆಗೆ ಎಲ್ಲ ಬೆರಳುಗಳೂ ತಾಯಿಯ ಕಡೆಗೇ ತಿರುಗುತ್ತವೆ.

ಎಚ್ಚರವಾಗುವುದು ಅಸಹಜವೇನಲ್ಲ. ನಿದ್ದೆ ಸುತ್ತುಸುತ್ತಾಗಿ ಸಾಗುತ್ತದೆ. ದೊಡ್ಡವರಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ, ಕೂಸುಗಳಲ್ಲಿ ಇನ್ನೂ ಕಡಿಮೆ. ಸುತ್ತು ಮುಗಿದಾಗ ನಾವೂ ಅರೆ ಎಚ್ಚರವಾಗಿ ಮಗ್ಗುಲು ಬದಲಿಸುತ್ತೇವೆ. ಮಗುವಿಗೆ ಮಾತ್ರ ಆ ಗಳಿಗೆ ಯಾಕೆ ಅಳುವಾಗಬೇಕು? ಹಲ್ಲಿನ ನೋವು, ಹೊಸದಾಗಿ ಅಂಬೆಗಾಲಿಡುವ ಹುರುಪು ಇದ್ದೀತು. ಅದರ ಜೊತೆಗೆ ಒಂದು ತಿಳಿವೂ ಇದೆ. ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂಬ ಅರಿವು ಮಗುವಿನಲ್ಲಿ ಮೆಲ್ಲಗೆ ಬೆಳೆಯುವುದನ್ನು ಜೀನ್ ಪಿಯಾಜೆ ತಮ್ಮ ಮಕ್ಕಳನ್ನೇ ಗಮನಿಸಿ ವಿವರಿಸಿದರು. ಬಟ್ಟೆಯಡಿ ಬಚ್ಚಿಟ್ಟ ಗಿಲಕಿಯನ್ನು ಹುಡುಕುವ ವಯಸ್ಸಿನ ಮಗು ಕತ್ತಲಲ್ಲಿ ಅಮ್ಮನನ್ನೂ ಹುಡುಕುತ್ತದೆ. ಅಮ್ಮ ಇದ್ದಾಳೆ, ಆದರೆ ಇಲ್ಲಿಲ್ಲ. ಇವೆರಡನ್ನೂ ಒಟ್ಟಿಗೆ ತಿಳಿದಾಗಲೇ ಅಗಲಿಕೆ ಶುರುವಾಗುವುದು.

ಈ ಅಳುವಿಗೆ ಏನು ಮಾಡಬೇಕು? ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ 1985ರ ತಮ್ಮ ಪುಸ್ತಕದಲ್ಲಿ, ಕಾಯುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಮಗು ತಾನಾಗಿ ನಿದ್ದೆಗೆ ಮರಳುವುದನ್ನು ಕಲಿಯುತ್ತದೆ ಎಂದರು. ಅದಕ್ಕೂ ಮೊದಲೇ, 1958ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಿನಿಕಾಟ್ ಒಂಟಿಯಾಗಿರುವ ಶಕ್ತಿ ಬೆಳೆಯುವುದೇ ಇನ್ನೊಬ್ಬರ ಸಮ್ಮುಖದಲ್ಲಿ ಎಂದಿದ್ದರು. ತತ್ತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾದ ನನಗೆ ವಿನಿಕಾಟರ ಮಾತೇ ಹೆಚ್ಚು ಹಿಡಿಸುತ್ತದೆ. ಕಾರಣ ಹೇಳಿ ಒಪ್ಪಿಸಲಾಗದ ಜೀವಕ್ಕೆ ನಾವು ಕೊಡಬಹುದಾದ ಒಂದೇ ಉತ್ತರ, ಹತ್ತಿರ ಹೋಗುವುದು.

ಆದರೆ ಹೋಗುವವರು ಯಾರು? ನನ್ನ ಅಕ್ಕ ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಾಳೆ. "ನಾನು ಎತ್ತಿಕೊಂಡರೆ ಸುಮ್ಮನಾಗಲ್ಲ, ಅಮ್ಮನೇ ಬೇಕು ಅದಕ್ಕೆ" ಎನ್ನುತ್ತಾರೆ ಭಾವ. ಹಿಂದೆ ಕೂಡುಕುಟುಂಬದಲ್ಲಿ ತೊಟ್ಟಿಲು ತೂಗಲು ಹತ್ತು ಕೈಗಳಿದ್ದವು ಎಂದು ನಿಟ್ಟುಸಿರಿಡುವವರಿದ್ದಾರೆ. ಆ ಹತ್ತೂ ಹೆಂಗಸರ ಕೈಗಳೇ ಆಗಿದ್ದವಲ್ಲವೇ?

ಅತ್ತ ಮಗುವಿಗೆ ಯಾರಾದರೂ ಓಗೊಡಲೇಬೇಕು. ಆ ಹೊಣೆ ಒಬ್ಬಳ ಮೇಲೇ ಬಿದ್ದರೆ, ಮಗುವಿಗೆ ಮಾಡಿದ ನ್ಯಾಯವೇ ತಾಯಿಗೆ ಅನ್ಯಾಯವಾಗುತ್ತದೆ. ಸೋತು ಹತ್ತು ನಿಮಿಷ ಅಳಲು ಬಿಟ್ಟವಳನ್ನು ಕಲ್ಲೆದೆಯವಳು ಎನ್ನುವ ಹಕ್ಕು, ಪಕ್ಕದಲ್ಲೇ ಮಲಗಿ ಏಳದವರಿಗಿಲ್ಲ. ಮಗು ಹಚ್ಚಿಕೊಳ್ಳುವುದು ತನ್ನ ಕರೆಗೆ ಓಗೊಡುವವರನ್ನು. ಹಗಲು ಸ್ನಾನ ಮಾಡಿಸಿ, ಉಣಿಸಿ, ಆಡಿಸಿದ ಅಪ್ಪನ ಹೆಗಲನ್ನು ಅದು ಕತ್ತಲಲ್ಲೂ ಗುರುತಿಸಬಲ್ಲದು. 'ಅಮ್ಮನೇ ಬೇಕು' ಎಂಬ ಹಟದಲ್ಲಿ ಮಗುವಿನ ಪಾಲೆಷ್ಟು, ನಮ್ಮ ಏರ್ಪಾಡಿನ ಪಾಲೆಷ್ಟು ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು.